ಕಡಲಿಗಿಳಿದ ಅಕ್ಕ

ಅಕ್ಕನ ಕೈಯಿಂದ ಪೆಟ್ಟು ತಿಂದವರು ರಾಬರ್ಟ್‌ಸನ್‌ಪೇಟೆಯಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಕಳೆದ ತಿಂಗಳು ಅವರನ್ನು ಮಣ್ಣು ಮಾಡುವಾಗ ಅಂಥವರಲ್ಲಿ ಕೆಲವರು ಬೇತಮಂಗಲದ ಆಚೆ ಇರುವ ಅವರ ಹಳ್ಳಿಯವರೆಗೂ ಬಂದಿದ್ದರು. ಒಬ್ಬನ ಬಲಗೈ ನಡುಬೆರಳು ಸೊಟ್ಟಗಿತ್ತು. ಅದನ್ನು ಮುರಿದವರು ಅಕ್ಕ. ಮುರಿದದ್ದು ನನ್ನ ಸಲುವಾಗಿ. ಅವನು ಚೆಂಡುಹೂವಿನ ಹಾರ ಹಾಕಿ, ಕೈಮುಗಿದು, ನನ್ನ ಕಡೆ ನೋಡದೆ ಹೊರಟುಹೋದ.

ಅವರ ಹೆಸರು ಬರೆಯುವುದಿಲ್ಲ. ನ್ಯಾಯಾಲಯದಲ್ಲಿ ಒಂದು ಕೇಸು ಇನ್ನೂ ನಡೆಯುತ್ತಿದೆ, ಅದರಲ್ಲಿ ಬೇರೆಯವರ ಬದುಕೂ ಸೇರಿದೆ. ಕಾರ್ಖಾನೆಯಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಇಲ್ಲಿಯೂ ಅಕ್ಕನೇ ಸಾಕು.

ನಾನು ಗದಗದ ಕಡೆಯವಳು. ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಬಂಗಾರಪೇಟೆಯಲ್ಲಿ ಮನೆ ಮಾಡಿ, ಮಾರಿಕುಪ್ಪಂ ರೈಲಿನಲ್ಲಿ ಓಡಾಡುತ್ತಿದ್ದೆ. ಸೇರಿದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಬೋಗಿಯ ನೂಕುನುಗ್ಗಲಲ್ಲಿ ಹಿಂದಿನಿಂದ ಒಂದು ಕೈ ನನ್ನ ಸೊಂಟಕ್ಕೆ ಬಂತು. ಸರಿದರೆ ಅದೂ ಸರಿಯಿತು. ಬಾಗಿಲ ಬಳಿ ನಿಂತಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬರು ಜನರನ್ನು ಸೀಳಿಕೊಂಡು ಬಂದು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೇಲೆತ್ತಿದರು. ಅವರ ಮುಂಗೈ ತುಂಬ ಕಿಡಿ ಸಿಡಿದ ಸುಟ್ಟ ಚುಕ್ಕೆಗಳು.

"ಯಾವ ಬೆರಳು?" ಎಂದು ನನ್ನನ್ನು ಕೇಳಿದರು.

ಪ್ರಶ್ನೆಯೇ ಅರ್ಥವಾಗಲಿಲ್ಲ. "ಗೊತ್ತಿಲ್ರಿ" ಎಂದೆ.

"ಅಂಗಾದ್ರೆ ನಾನೇ ಆರಿಸ್ಕೊತೀನಿ."

ಒಣಗಿದ ಕಡ್ಡಿ ಮುರಿದ ಸದ್ದು. ಅವನ ಚೀರಾಟಕ್ಕೆ ಇಡೀ ಬೋಗಿ ತಿರುಗಿತು. ಅಕ್ಕ ಅವನನ್ನು ಸೀಟಿನ ಮೇಲೆ ಕೂರಿಸಿ, "ಆಸ್ಪತ್ರೆ ರಾಬರ್ಟ್‌ಸನ್‌ಪೇಟೇಲಿ ಐತೆ, ಇಳ್ದು ಆಟೋ ಇಡ್ಕೊಂಡ್ ಓಗು" ಎಂದು ದಾರಿಯನ್ನೂ ಹೇಳಿದರು.

ಅವರು ವೆಲ್ಡಿಂಗ್ ಶಾಪಿನಲ್ಲಿದ್ದರು. ನಾನು ಅವರು ಮಾಡಿದ ಬೆಸುಗೆಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. ನಾನು ತಪ್ಪು ತೋರಿಸಿದರೆ ಒಂದು ಮಾತೂ ಆಡುತ್ತಿರಲಿಲ್ಲ. ಗ್ರೈಂಡರ್ ಹಚ್ಚಿ ಆ ಬೆಸುಗೆಯನ್ನು ಕಿತ್ತು ಹಾಕುವಾಗ ಕಿಡಿಗಳೆಲ್ಲ ನನ್ನ ಬೂಟಿನ ಕಡೆಗೇ ಹಾರುವಂತೆ ನಿಲ್ಲುತ್ತಿದ್ದರು, ಅಷ್ಟೇ. ಮಧ್ಯಾಹ್ನ ತಮ್ಮ ಡಬ್ಬಿಯ ಹುರುಳಿಕಾಳು ಸಾರನ್ನು ನನ್ನ ಅನ್ನದ ಮೇಲೆ ಸುರಿದು, "ತಿನ್ನು, ಅದೇನ್ ಗಾಳಿಗ್ ಆರೋಗಂಗಿದ್ದೀಯ" ಎಂದು ಬಯ್ಯುತ್ತಿದ್ದರು.

ಒಂದು ದಿನ ಅವರು ಶಾಪಿನವರಿಗೆಲ್ಲ ಮೈಸೂರು ಪಾಕು ಹಂಚಿದರು. ಎಲ್ಲರೂ ಬಾಯಿಗಿಟ್ಟ ಮೇಲೆ ಯಾರೋ ಏನು ವಿಶೇಷ ಎಂದು ಕೇಳಿದರು. "ನಮ್ ತಂಗಿ ಗಂಡ ಸತ್ತ. ಲಾರಿ ಅತ್ತೋಯ್ತು ಅವ್ನ್ ಮೇಲೆ" ಎಂದರು ಅಕ್ಕ. ಬಾಯಲ್ಲಿದ್ದುದನ್ನು ನುಂಗಬೇಕೋ ಉಗಿಯಬೇಕೋ ತಿಳಿಯದೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಖಾಲಿ ಡಬ್ಬವನ್ನು ನೆಲಕ್ಕೆ ಕುಟ್ಟಿ ಪುಡಿ ಕೊಡವಿ, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಕೆಲಸಕ್ಕೆ ಕೂತರು.

ಆ ತಂಗಿಯ ಕತೆ ನನಗೆ ತಿಳಿದದ್ದು ಬಾವಿಯ ಮೆಟ್ಟಿಲ ಮೇಲೆ. ನನಗೆ ಈಜು ಬರುವುದಿಲ್ಲ ಎಂಬುದನ್ನು ಅಕ್ಕ ತಮಗೇ ಆದ ಅವಮಾನವೆಂಬಂತೆ ಹಿಡಿದುಕೊಂಡಿದ್ದರು. ಕೆರೆಗೆ ನೀರು ಬಂದು ಅವರ ಹೊಲದ ಬಾವಿಯೂ ತುಂಬಿದ ವರ್ಷ, ಭಾನುವಾರಗಳಂದು ಎಳೆದುಕೊಂಡು ಹೋಗಿ ಕಲಿಸಿದರು. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಮೆಟ್ಟಿಲ ಮೇಲೆ ನಿಲ್ಲಿಸಿದರು. ಭಯವಾಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಒದ್ದರು. ನೀರು ಕುಡಿದು, ಅತ್ತು, ಬಯ್ದು, ಕಡೆಗೆ ತೇಲಿದೆ. ಮೇಲೆ ಬಂದು ನಡುಗುತ್ತಾ ಕೂತಾಗ ಅವರು ತಮ್ಮ ಸೆರಗಿನಿಂದ ನನ್ನ ತಲೆ ಒರೆಸಿದರು.

"ನಮ್ ಚಿಕ್ಕದುಕ್ಕೂ ಇಂಗೇ ಕಲ್ಸಿದ್ದು. ನಾನೇ ಒದ್ದಿದ್ದು" ಎಂದರು. "ಮೀನಂಗೆ ಈಜೋಳು. ಬಂಗಾರಪೇಟೆ ಅತ್ರ ಕೊಟ್ವಿ. ಮದ್ವೆ ಆದ ಎರಡನೇ ವರ್ಸ ಅವರ ಬಾವೀಲಿ ಎಣವಾಗಿ ಸಿಕ್ಕಿದ್ಲು. ತಾನೇ ಆರ್ಕೊಂಡ್ಲು ಅಂದ್ರು. ಮೀನು ಎಲ್ಲಾನಾ ನೀರಿಗ್ ಆರ್ಕೊಂಡು ಸಾಯ್ತದಾ ಅಮ್ಮಣ್ಣಿ? ಸಾಕ್ಷಿ ಇಲ್ಲ ಅಂತ ಕೋರ್ಟು ಬಿಟ್ಬಿಡ್ತು. ಲಾರಿ ಬಿಡ್ಲಿಲ್ಲ."

ಅವರು ಮದುವೆಯಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಬಾವಿ ಇಲ್ದಿರೋ ಊರಿನ ಗಂಡು ಇದ್ರೆ ಏಳು" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಇನ್ನು ಆ ಕಡಲಿನ ದಿನ.

ಇಲ್ಲಿ ಹೆಸರು ಬದಲಿಸಿ ರೋಸ್ಲಿನ್ ಎಂದು ಕರೆಯುವ ಹುಡುಗಿ ವೆಲ್ಡಿಂಗ್ ಶಾಪಿನಲ್ಲಿ ಅಕ್ಕನ ಕೈಕೆಳಗೆ ಕೆಲಸ ಕಲಿತವಳು. ಗಣಿಯ ಹಳೆಯ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಪಿನಲ್ಲಿ ಕನ್ನಡ. ಅವಳಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ಒಂದೇ ಆಸೆ ಎಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು: ಮುಖಕ್ಕೆ ಗಾಜು ಕಟ್ಟಿಕೊಂಡ ಹೆಂಗಸೊಬ್ಬಳು ಸಮುದ್ರದೊಳಗೆ ಮೀನುಗಳ ನಡುವೆ ತೇಲುತ್ತಿದ್ದಳು. ಸ್ವಂತಕ್ಕೆ ಒಂದು ಹಾಯಿದೋಣಿಯನ್ನೇ ಗೊತ್ತು ಮಾಡಿಕೊಂಡು ಹೋಗಬಹುದಂತೆ, ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸಂತೆ. ಅಕ್ಕ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದರು. ಅವರು ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

"ಓಗಾನ ನಡೀರಿ. ಮೂರು ಜನ. ಗಂಡಸ್ರು ಬ್ಯಾಡ" ಎಂದರು.

ರೈಲು ಹತ್ತಿ ಕಾರವಾರದ ಕಡೆಯ ಒಂದು ಚಿಕ್ಕ ಬಂದರಿಗೆ ಹೋದೆವು. ಬಿಳಿ ಹಾಯಿಯ ದೋಣಿ. ಅದರ ಮಾಲೀಕ ಕಪ್ಪು ಕನ್ನಡಕದ ನಲವತ್ತರ ಗಂಡಸು, ಮಾತು ಬಹಳ ನಯ. ನೀರಿಗಿಳಿಸಿ ತೋರಿಸುವವನೂ ಅವನೇ. ಹಾಯಿಯ ಹಗ್ಗ ಹಿಡಿಯಲು ಒಬ್ಬ ಮುದುಕ, ಮಾತು ತೀರ ಕಡಿಮೆ. ಗಾಳಿ ತುಂಬಿ ದೋಣಿ ಒಂದು ಕಡೆಗೆ ವಾಲಿದಾಗ ಅಕ್ಕ ಹಾಯಿಕಂಬವನ್ನು ತಬ್ಬಿ ಹಿಡಿದು ಕುಲದೇವರನ್ನೆಲ್ಲ ಕೂಗಿದರು. ಸ್ವಲ್ಪ ಹೊತ್ತಿಗೆ ಭಯ ಹೋಯಿತು. ಕೈಯಿಳಿಬಿಟ್ಟು ನೀರು ಮೊಗೆದು ಕುಡಿದು, "ಥೂ! ಇಷ್ಟೊಂದು ನೀರಿಟ್ಕೊಂಡು ಒಂದು ಸೌಟು ರಾಗಿಗ್ ಆಗಲ್ಲ" ಎಂದು ಉಗಿದರು. ಮುದುಕ ಕೂಡ ನಕ್ಕ.

ಒಂದು ಬಂಡೆಗುಡ್ಡದ ಮರೆಯಲ್ಲಿ ಲಂಗರು ಹಾಕಿದರು. ಅಲ್ಲಿ ನೀರು ತಿಳಿಯಾಗಿತ್ತು. ಮಾಲೀಕ ನಮಗೆ ಮಾಸ್ಕು, ಉಸಿರಾಡುವ ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ, ಲೈಫ್ ಜಾಕೆಟ್ಟು ಕೊಟ್ಟ. ಅಕ್ಕ ಜಾಕೆಟ್ಟನ್ನು ಅವನ ಕಾಲ ಬಳಿ ಎಸೆದು, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಧುಮುಕಿದರು. ಮೇಲೆ ಬಂದು ಕೊಳವೆ ಕಿತ್ತು ಕೂಗಿದರು: "ಅಮ್ಮಣ್ಣೀ, ಬಂಡೆ ಸಂದೀಲಿ ಮೀನು ಮೂಗುಬಟ್ಟಿನಂಗೆ ಮಿಣಮಿಣ ಅಂತಾವೆ ಕಣೇ! ಬಾ ಬೇಗ!" ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಾನು ಇಳಿದೆ. ಅಕ್ಕ ಆಗಲೇ ಬಂಡೆಯ ಆ ಬದಿಗೆ ಹೋಗಿದ್ದರು. ಈಜು ಬಾರದ ರೋಸ್ಲಿನ್‌ಳನ್ನು ಮಾಲೀಕ ಕೈಹಿಡಿದು ದೋಣಿಯಿಂದ ಸ್ವಲ್ಪ ದೂರ ಕರೆದೊಯ್ದ. ಮುಖ ನೀರಲ್ಲಿಟ್ಟರೆ ಕೆಳಗೆ ಹಳದಿ ಪಟ್ಟೆಯ ಮೀನುಗಳ ಗುಂಪು, ಕಪ್ಪು ಮುಳ್ಳಿನ ಉಂಡೆಗಳು, ಅಲೆಗೆ ತೂಗುವ ಪಾಚಿ. ಮೀನಿನ ಗುಂಪೊಂದು ಚದುರಿದ ಕಡೆ ತಲೆ ತಿರುಗಿಸಿದಾಗ ಅವರಿಬ್ಬರ ಕಾಲುಗಳು ಕಂಡವು. ರೋಸ್ಲಿನ್‌ಳ ಕಾಲುಗಳು ಅಡ್ಡಾದಿಡ್ಡಿ ಒದೆಯುತ್ತಿದ್ದವು. ಅವಳ ಜಾಕೆಟ್ಟು ಬಿಚ್ಚಿ, ಒಂದೇ ಪಟ್ಟಿಯಲ್ಲಿ ಪಕ್ಕದಲ್ಲಿ ತೇಲುತ್ತಿತ್ತು. ಅವನ ಕೈ ಅವಳ ಬಟ್ಟೆಯೊಳಗಿತ್ತು.

ತಲೆಯೆತ್ತಿ ನೋಡಿದೆ. ಜಾಕೆಟ್ಟಿದ್ದರೆ ಮೀನು ಕಾಣುವುದಿಲ್ಲವೆಂದು ಅವನೇ ಬಿಚ್ಚಿದ್ದನಂತೆ. ಅವಳು ದೂಡಿದರೆ ಮುಳುಗುತ್ತಿದ್ದಳು, ಮುಳುಗಬಾರದೆಂದರೆ ಅವನ ಕುತ್ತಿಗೆಯನ್ನೇ ತಬ್ಬಬೇಕಿತ್ತು. "ಹಿಡ್ಕೊ, ಹಿಡ್ಕೊ, ಇಲ್ಲಾಂದ್ರೆ ಸಾಯ್ತೀಯ" ಎಂದು ಅವನು ನಗುತ್ತಿದ್ದ. ನಾನು ಬಾಯಿಂದ ಕೊಳವೆ ಕಿತ್ತು, "ಅಕ್ಕಾ!" ಎಂದು ಕಿರುಚಿದೆ.

ಅಕ್ಕ ಬಂದದ್ದು ನೀರಿನ ಮೇಲಿನಿಂದಲ್ಲ. ಅವನು ಇದ್ದಕ್ಕಿದ್ದಂತೆ ಕೆಳಗೆ ಎಳೆಯಲ್ಪಟ್ಟ. ನಾನು ರೋಸ್ಲಿನ್‌ಳ ಕೂದಲು ಹಿಡಿದು, ಜಾಕೆಟ್ಟಿನ ಪಟ್ಟಿಯನ್ನು ಅವಳ ಕಂಕುಳಿಗೆ ಸಿಕ್ಕಿಸಿ, ದೋಣಿಯ ಏಣಿಯವರೆಗೆ ಎಳೆದೆ. ಅವಳು ಏಣಿ ಹಿಡಿದು ಉಪ್ಪುನೀರು ಕಾರಿದಳು. ನಾವು ತಿರುಗಿದಾಗ ಅವರಿಬ್ಬರೂ ಮೇಲೆ ಬಂದಿದ್ದರು. ಅವನು ಅಕ್ಕನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಹರಿದು ಗಲ್ಲಕ್ಕೆ ಬಂತು. ಅಕ್ಕ ಮುಷ್ಟಿಯಿಂದಲೇ ಅವನ ಹುಬ್ಬು ಒಡೆದರು, ಹಣೆಗೇರಿಸಿದ್ದ ತಮ್ಮ ಮಾಸ್ಕು ಕಿತ್ತು ಅದರ ಗಾಜಿನಿಂದ ಮತ್ತೆರಡು ಬಾರಿ ಹೊಡೆದರು. ಅವನು ದೋಣಿಯತ್ತ ಈಜತೊಡಗಿದ. ಅಕ್ಕ ಬೆನ್ನೇರಿ, ತೊಡೆಗಳಿಂದ ಅವನ ಸೊಂಟ ಬಿಗಿದು, ಎರಡೂ ಕೈಯಿಂದ ತಲೆಯನ್ನು ನೀರಿಗೆ ಅದುಮಿದರು.

ಅವನು ಒದ್ದಾಡಿದ. ಕಾಲು ಬಡಿದು ಇಬ್ಬರನ್ನೂ ಮೇಲೆತ್ತಿದ, ಒಂದು ಗುಟುಕು ಗಾಳಿ ಎಳೆದ. ಅವರು ಮತ್ತೆ ಅದುಮಿದರು. ಅವನ ಮೊಣಕೈ ಅವರ ಪಕ್ಕೆಲುಬಿಗೆ ಬಡಿಯುವ ಸದ್ದು ದೋಣಿಯವರೆಗೂ ಕೇಳುತ್ತಿತ್ತು. ಮುದುಕ ಹಗ್ಗ ಬಿಟ್ಟು ತನ್ನ ಭಾಷೆಯಲ್ಲಿ ಏನೇನೋ ಅರಚುತ್ತಿದ್ದ.

"ಅಕ್ಕಾ, ಬಿಡ್ರಿ! ಸಾಯ್ತಾನ ಅಂವ!" ಎಂದು ನಾನು ಕೂಗಿದೆ.

ಅವರು ನನ್ನತ್ತ ತಿರುಗಿದರು. ಸಿಟ್ಟೇ ಇಲ್ಲದ ಮುಖ. ಬೆಸುಗೆಗೆ ಕೂತಾಗ ಇರುವಂಥ ಮುಖ.

"ಸಾಯೋಕೆ ಎಷ್ಟೊತ್ತು ಇಡೀತದೆ ಅಂತ ನೋಡ್ತಾ ಇವ್ನಿ" ಎಂದರು.

ಅವನ ಒದೆತ ನಿಧಾನವಾಗುತ್ತಿತ್ತು. ನಾನು ಈಜಿ ಹೋಗಿ ಅವರ ತೋಳು ಹಿಡಿದು ಎಳೆದೆ. ಅವರ ಒಂದೇ ನೂಕಿಗೆ ದೂರ ಬಿದ್ದೆ. ಆಗ ಏಣಿಯ ಕಡೆಯಿಂದ ನೀರು ಬಡಿದ ಸದ್ದು ಬಂತು. ರೋಸ್ಲಿನ್ ಏಣಿಯ ಮೇಲಿರಲಿಲ್ಲ. ಜಾಕೆಟ್ಟು ಒಂಟಿಯಾಗಿ ತೇಲುತ್ತಿತ್ತು. ಒಂದು ಕೈ ಮೇಲೆ ಬಂತು, ಮುಳುಗಿತು.

ಅಕ್ಕ ಅವನನ್ನು ಬಿಟ್ಟರು. ಆ ದೂರವನ್ನು ಅವರು ಹೇಗೆ ದಾಟಿದರೋ ನನಗೆ ಕಾಣಲೇ ಇಲ್ಲ. ಮುಳುಗಿ, ರೋಸ್ಲಿನ್‌ಳನ್ನು ಕಂಕುಳಲ್ಲಿ ಹೊತ್ತು ಎದ್ದರು. ಏಣಿಗೆ ಅವಳನ್ನು ಒರಗಿಸಿ ಕಪಾಳಕ್ಕೆ ಬಾರಿಸಿದರು. "ಯಾಕ್ಲೇ ಕೈ ಬಿಟ್ಟೆ? ಯಾಕ್ ಬಿಟ್ಟೆ?"

"ಜಾರ್ಲಿಲ್ಲ ಅಕ್ಕಾ, ನಾನೇ ಬಿಟ್ಟೆ" ಎಂದಳು ರೋಸ್ಲಿನ್, ಕೆಮ್ಮುತ್ತಾ. "ವೇಣಾಂ ಅಕ್ಕಾ, ಬ್ಯಾಡ. ಅವ್ನ್ ಸತ್ರೆ ನೀನ್ ಜೈಲಿಗ್ ಓಗ್ತೀಯ. ಅದು ವೇಣಾಂ."

ಅಕ್ಕ ಅವಳನ್ನು ಎದೆಗೊತ್ತಿಕೊಂಡು, ಒಂದು ಕೈಯಲ್ಲಿ ಏಣಿ ಹಿಡಿದು ನೀರಲ್ಲೇ ಉಳಿದರು. ಮುದುಕ ಕೊಕ್ಕೆ ಹಾಕಿ ಮಾಲೀಕನನ್ನು ದೋಣಿಗೆ ಎಳೆದ. ಬೋರಲು ಮಲಗಿಸಿ ಬೆನ್ನು ಗುದ್ದಿದಾಗ ಅವನು ನೀರು ಕಾರಿ ಉಸಿರೆಳೆದ.

ವಾಪಸು ಬರುವಾಗ ಗಾಳಿ ಎದುರಾಗಿತ್ತು. ದೋಣಿ ಅತ್ತಿತ್ತ ಹಾಯ್ದು ಹಾಯ್ದು ಸಾಗಬೇಕಾಗಿ ದಡ ಬಹಳ ಹೊತ್ತು ಹತ್ತಿರವೇ ಆಗಲಿಲ್ಲ. ಐದೂ ಜನ ಒಂದೇ ಹಲಗೆಯ ಮೇಲೆ. ಹುಬ್ಬಿನ ರಕ್ತಕ್ಕೆ ಟವೆಲು ಒತ್ತಿಕೊಂಡು ಮಾಲೀಕ ಗೊಣಗಿದ: "ಕೊಲೆ ಯತ್ನದ ಕೇಸು ಹಾಕ್ತೇನೆ."

"ಆಕು" ಎಂದರು ಅಕ್ಕ. "ಅರ್ಧಕ್ಕೇ ನಿಂತೋಯ್ತು ಅಂತಾನೂ ಬರ್ಸು. ಒಟ್ಟಿಗೇ ಓಗಾನ ಟೇಸನ್ಗೆ."

ರೋಸ್ಲಿನ್ ಮುದುಕನ ಕಡೆ ತಿರುಗಿದಳು. "ತಾತಾ, ನಿಮಗೆ ಗೊತ್ತಿತ್ತಾ?"

ಮುದುಕ ಹಾಯಿಯನ್ನೇ ನೋಡುತ್ತಿದ್ದ. ಆದರೆ ಪೊಲೀಸ್ ಠಾಣೆಯಲ್ಲಿ ಯಾರೂ ಕೇಳುವ ಮುಂಚೆಯೇ ಮುಂದೆ ಬಂದು, "ಇದು ಮೊದಲ ಸಲ ಅಲ್ಲ ಸಾಹೇಬ್ರೆ, ನಾನು ಕಂಡಿದ್ದೇನೆ" ಎಂದ. ಮದುವೆ ಹತ್ತಿರವಿದೆ, ಯೋಚನೆ ಮಾಡಮ್ಮ ಎಂದು ಅಲ್ಲಿನವರು ಎರಡು ಸಲ ಹೇಳಿದರೂ ರೋಸ್ಲಿನ್ ಹೇಳಿಕೆ ಬರೆಸಿ ಸಹಿ ಹಾಕಿದಳು. ಅವಳನ್ನು ಮದುವೆಯಾಗಬೇಕಿದ್ದ ಹುಡುಗ ಆ ಸಂಜೆಯೇ ಫೋನು ಮಾಡಿ, ಕೋರ್ಟಿನ ವಾಯಿದೆ ಇದ್ದಾಗಲೆಲ್ಲ ತಾನೂ ಜೊತೆಗೆ ಬರುವೆನೆಂದ. ಈಗಲೂ ಹೋಗುತ್ತಾನೆ. ದೋಣಿಯ ಮಾಲೀಕ ಹಾಕಿಸಿದ ಎದುರು ಕೇಸೂ ಇತ್ತು. ಅಕ್ಕ ಹೋದ ಮೇಲೆ ಅದು ಮುಗಿಯಿತು. ರೋಸ್ಲಿನ್‌ಳ ಕೇಸು ನಡೆಯುತ್ತಿದೆ.

ಊರಿಗೆ ಮರಳುವ ರೈಲಿನಲ್ಲಿ ಅಕ್ಕ ಪಕ್ಕೆ ಹಿಡಿದು ಕೂತಿದ್ದರು. ಮೈ ನೀಲಿಗಟ್ಟಿತ್ತು. ರೋಸ್ಲಿನ್ ಮೇಲಿನ ಬರ್ತಿನಲ್ಲಿ ನಿದ್ದೆ ಹೋಗಿದ್ದಳು. ಬೆಂಗಳೂರು ದಾಟಿ ಬಂಗಾರಪೇಟೆ ಹತ್ತಿರ ಬರುವಾಗ ಅಕ್ಕ ನನ್ನ ಕೈ ಹಿಡಿದರು.

"ಅಮ್ಮಣ್ಣಿ, ಅವ್ನ ತಲೆ ನನ್ ಕೈಲಿತ್ತು. ಆದ್ರೂ ಕಾಲು ಬಡ್ದೂ ಬಡ್ದೂ ಮೇಲಕ್ಕೆ ಬತ್ತಾನೇ ಇದ್ದ. ಈಜು ಬರೋರ್ನ ಒಬ್ರೇ ಮುಳುಗ್ಸೋಕೆ ಆಗಲ್ಲ ಕಣೇ, ಅಷ್ಟು ಸುಲಭ ಅಲ್ಲ. ನಮ್ ಚಿಕ್ಕದು ಅವ್ನಿಗಿಂತ ಚೆನ್ನಾಗ್ ಈಜೋಳು. ಅವಳ್ ಗಂಡ ಕಡ್ಡಿ ಇದ್ದಂಗಿದ್ದ." ಹಿಡಿದ ನನ್ನ ಕೈಯನ್ನು ಮಣಿಕಟ್ಟಿನಲ್ಲಿ ಬಿಗಿದರು. "ಕಾಲು ಇಡ್ಕೊಂಡೋರು ಯಾರೋ ಇದ್ರು."

ಆ ಮನೆಯಲ್ಲಿ ಆಗ ಇದ್ದದ್ದು ಗಂಡ ಮತ್ತು ಅವನ ತಾಯಿ, ಇಬ್ಬರೇ.

ಪಕ್ಕೆಯ ನೋವು ಇಳಿದ ಮೇಲೆ ಒಂದು ಸಂಜೆ ಶಿಫ್ಟು ಮುಗಿಸಿ, "ಬಾ ನನ್ ಜೊತೆ" ಎಂದರು. ಎಲ್ಲಿಗೆ ಎಂದು ತಿಳಿದೇ ಹೋದೆ. ಅವರೊಬ್ಬರೇ ಹೋಗುವುದು ನನಗೆ ಬೇಡವಾಗಿತ್ತು. ಬಂಗಾರಪೇಟೆಯಿಂದ ಆಟೋ ಹಿಡಿದು ಆ ಹಳ್ಳಿಗೆ ಹೋದಾಗ ಬೀದಿಯ ಹೆಂಗಸರು ಹಾಲಿನ ಕ್ಯಾನು ಹಿಡಿದು ಡೈರಿಯ ಕಡೆ ಹೊರಟಿದ್ದರು. ಆ ಮನೆಯ ಜಗಲಿಯ ಮೇಲೆ ಮಂಚ ಹಾಕಿ ಮುದುಕಿಯನ್ನು ಮಲಗಿಸಿದ್ದರು. ಸೊಂಟ ಬಿದ್ದು ಬಹಳ ಕಾಲವಾಗಿತ್ತು. ಎರಡನೇ ಸೊಸೆ ಡೈರಿಗೆ ಹೋಗಿದ್ದಿರಬೇಕು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿತ್ತಲಲ್ಲಿ ಹಸುವೊಂದು ಒಣಹುಲ್ಲು ಮೇಯುತ್ತಿತ್ತು.

"ಯಾರು?" ಎಂದಳು ಮುದುಕಿ.

"ನಿನ್ ಮೊದಲ್ನೇ ಸೊಸೆ ಅಕ್ಕ."

ಮುದುಕಿ ಕಣ್ಣಿನಲ್ಲೇ ಜಗಲಿಯ ಅಂಚು ತೋರಿಸಿದಳು. "ಕೂತ್ಕೊ" ಎಂದಳು.

ಅಕ್ಕ ಕೂರಲಿಲ್ಲ. "ಒಂದೇ ಮಾತು. ಅವತ್ತು ನಿನ್ ಮಗ ತಲೆ ಅದುಮ್ದ. ಕಾಲು ಇಡ್ಕೊಂಡೋರು ಯಾರು?"

ಮುದುಕಿ ಸುಳ್ಳು ಹೇಳಬಹುದಿತ್ತು. ಕೂಗಿ ಬೀದಿ ಸೇರಿಸಬಹುದಿತ್ತು. ಅವಳು ಕಂಬಳಿಯೊಳಗಿಂದ ಎರಡು ಕೈಗಳನ್ನೂ ಹೊರಗೆ ತೆಗೆದು ಎದೆಯ ಮೇಲಿಟ್ಟುಕೊಂಡಳು.

"ನಾನು" ಎಂದಳು.

ಅಕ್ಕ ಹೊಡೆದರು. ಅಂಗೈ ಬಿಚ್ಚಿ, ಕೆನ್ನೆಗೆ, ಒಂದೇ ಏಟು. ಮುದುಕಿಯ ತಲೆ ಗೋಡೆಯ ಕಡೆ ತಿರುಗಿ, ತುಟಿಯಂಚಿನಲ್ಲಿ ರಕ್ತ ಬಂತು. ತೀರಿಹೋದವರ ಬಗ್ಗೆ ಬರೆಯುವಾಗ ಇದನ್ನು ಬಿಡಬಹುದಿತ್ತೇನೋ. ಆದರೆ ಎದ್ದು ಕೂರಲಾಗದ ಮುದುಕಿಯನ್ನು ಅವರು ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರನ್ನು ತಡೆಯಲು ನನ್ನ ಕೈ ಮೇಲೇಳಲಿಲ್ಲ ಎಂಬುದೂ ನಿಜ.

ಮುದುಕಿ ನಿಧಾನವಾಗಿ ಮುಖ ಈಚೆಗೆ ತಿರುಗಿಸಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಇಷ್ಟೇನಾ?" ಎಂದಳು. "ನೀನ್ ಬತ್ತೀಯ ಅಂತ ಇಷ್ಟು ವರ್ಸ ಬಾಗ್ಲು ನೋಡ್ಕೊಂಡ್ ಮಲಗಿವ್ನಿ. ಇಷ್ಟೇನಾ?"

ಅಕ್ಕನ ಕೈ ಇನ್ನೂ ಮೇಲೆಯೇ ಇತ್ತು.

"ಇಷ್ಟೇ" ಎಂದರು.

ಜಗಲಿ ಇಳಿದು ಹಿತ್ತಲ ಗೋಡೆಗೆ ಒರಗಿ ವಾಂತಿ ಮಾಡಿಕೊಂಡರು. ನಾನು ನೀರು ಕೇಳಿ ತರಲು ಪಕ್ಕದ ಮನೆಗೆ ಹೊರಟರೆ, "ಈ ಊರ ನೀರು ಬ್ಯಾಡ" ಎಂದರು. ಬಂಗಾರಪೇಟೆಗೆ ಬಂದು ಕೆಜಿಎಫ್ ಮೇಲೆ ಬೇತಮಂಗಲಕ್ಕೆ ಹೋಗುವ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತವರು ಊರು ದಾಟುವ ಮುಂಚೆಯೇ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಗೆ ಜಾರಿದರು. ಬಾಯಿ ಸ್ವಲ್ಪ ತೆರೆದು ಗೊರಕೆ ಹೊಡೆಯುತ್ತಿದ್ದರು. ರಾಬರ್ಟ್‌ಸನ್‌ಪೇಟೆಯಲ್ಲಿ ಜನ ಇಳಿದರು, ಹತ್ತಿದರು, ಯಾರೋ ಅವರ ಕಾಲು ತುಳಿದರು. ಎಚ್ಚರವಾಗಲಿಲ್ಲ. ಬೇತಮಂಗಲ ಬಂದಾಗ ಕಂಡಕ್ಟರು, "ಅಕ್ಕೋರನ್ನ ಎಬ್ರುಸಮ್ಮ, ಲಾಸ್ಟ್ ಸ್ಟಾಪು" ಎಂದ. ಈ ಬಸ್ಸು ಮತ್ತೆ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳಿದೆ. ಇನ್ನೂ ತಡ ಇದೆ ಎಂದ.

"ಹಂಗಾರ ಮಲಗ್ಲಿ ಬಿಡ್ರಿ" ಎಂದೆ.